ಖಣಿಯಾಚೆಯ ಮಾಳಿಗೆ

ಶಹಾಬಾದ್
ಸೋಮವಾರ, ಬೆಳಿಗ್ಗೆ

ರಾಧಿಕಾ ಅಕ್ಕನಿಗೆ,

ಇಲ್ಲ, ನಾವು ಕದ್ದು ನೋಡಿಲ್ಲ. ಹಾಡಹಗಲೇ ನಮ್ಮ ಮಾಳಿಗೆಯ ಮೇಲೆ ಕುಳಿತು ನೋಡಿದ್ದೇವೆ. ಬಳೆ ಮಾರುವ ಅಮೀರ್ಬೀ ಕೈಯಲ್ಲಿ ನೀನು ಹೇಳಿ ಕಳಿಸಿದ್ದು ಒಂದಕ್ಷರ ಬಿಡದೆ ಮುಟ್ಟಿತು. "ಮಂದಿ ಮನಿ ಮಾಳಿಗಿ ನೋಡ್ಲಿಕ್ಕ ನಾಚಿಕಿ ಬರಂಗಿಲ್ಲೇನು? ಆ ಡಬ್ಬಿ ಕ್ಯಾಮೆರಾ ಕೆಟ್ಟದ. ನನ್ನ ಕೈಗಿ ಏನೂ ಆಗಿಲ್ಲ. ಒಂಬತ್ತನೇತ್ತಕ್ಕ ಸಾಲಿ ಬಿಟ್ಟಾಂವ ಡಾಕ್ಟರ್ ಆಗ್ಯಾನೇನು?" ಮುದುಕಿ ನಿನ್ನ ಹಾಗೆಯೇ ಮೂಗು ಎತ್ತಿ ಹೇಳಿದಳು. ಫೋನ್ ಹಚ್ಚಿದರೆ ಕಟ್ ಮಾಡುತ್ತಿ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಓದಿಕೋ.

ನೀನು ಹೇಳದೆ ಕೇಳದೆ ಭೀಮಾಶಂಕರ ಮಾವನನ್ನು ಮದುವೆಯಾದ ದಿನ ಅಪ್ಪ ನಡುಮನೆಯಲ್ಲಿ ನಿಂತು ಆಣೆ ಹಾಕಿದ. "ಆ ಮನಿ ಹೊಸ್ತಿಲ ತುಳದವ್ರು ನನ್ನ ಹೆಣಾ ನೋಡ್ತೀರಿ" ಅಂದ. ಅವ್ವ ಅದನ್ನು ನಂಬಿಬಿಟ್ಟಳು. ನಮ್ಮ ಮಾಳಿಗೆಗೂ ನಿಮ್ಮ ಮಾಳಿಗೆಗೂ ನಡುವೆ ಇರುವುದು ನೀರು ತುಂಬಿದ ಹಳೇ ಕಲ್ಲಿನ ಖಣಿ ಒಂದೇ. ಅಷ್ಟು ದೂರದಿಂದ ನೀನು ಉಟ್ಟ ಸೀರೆ ಕೆಂಪೋ ಹಸಿರೋ ಅಷ್ಟೇ ತಿಳಿಯುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಒಂದು ದಿನ ಅವ್ವ ರೊಟ್ಟಿ ಬಡಿಯುತ್ತ, "ಕಾಲ ಇಡಬ್ಯಾಡ ಅಂದಾನ. ಕಣ್ಣ ಇಡಬ್ಯಾಡ ಅಂದಿಲ್ಲಲ್ಲ" ಅಂದಳು. ನಾನು ಎದ್ದು ನೇರ ಫೋಟೋ ಸ್ಟುಡಿಯೋದ ಶಹಾಬುದ್ದೀನ ಚಾಚಾನ ಹತ್ತಿರ ಹೋದೆ. ಅವನು ಕಿಸೆಯಲ್ಲಿ ಕೂರುವ ಈ ಸಣ್ಣ ಕ್ಯಾಮೆರಾ ಕೊಟ್ಟು, "ದೂರಂದು ಛಲೋ ಎಳಿತದ, ನೋಡು. ಪಸಂದ ಬಂದ್ರ ಇಟ್ಕೋ" ಅಂದ.

ಕೆಟ್ಟಿದೆ ಅಂದೆಯಲ್ಲ, ಈಗ ಕೇಳು. ನಾನು ಅದನ್ನು ಪೂರಾ ಪರೀಕ್ಷೆ ಮಾಡಿದ್ದೇನೆ.

ಬಟನ್ ಒತ್ತಿದರೆ ಲೆನ್ಸ್ ಒಳಗಿನಿಂದ ಒಂದರ ಹಿಂದೆ ಒಂದು ಕೊಳವೆಯಾಗಿ ಹೊರಗೆ ಬರುತ್ತದೆ. ಕೈಯಲ್ಲಿ ಹಿಡಿದರೆ ನಿಮ್ಮ ಮಾಳಿಗೆ ಜೋಕಾಲಿ ಆಡುತ್ತದೆ, ಅದಕ್ಕೆ ಜೋಳದ ಚೀಲದ ಮೇಲೆ ಊರಿ ಇಟ್ಟೆ. ಬಿಸಿಲೇರಿದ ಮೇಲೆ ಉಪಯೋಗವಿಲ್ಲ. ಖಣಿಯ ಬಂಡೆಯಿಂದ ಝಳ ಎದ್ದು ನಿನ್ನ ಮುಖ ನೀರಿನಲ್ಲಿ ಕಂಡ ಹಾಗೆ ಅಲ್ಲಾಡುತ್ತದೆ. ಬೆಳಿಗ್ಗೆ ಮಾತ್ರ ನೆಟ್ಟಗೆ ಕಾಣುತ್ತದೆ. ಝೂಮ್ ಒಂದು ಗೆರೆ ದಾಟಿದರೆ ಮುಖವೆಲ್ಲ ಚೌಕ ಚೌಕ. ಆ ಗೆರೆಯ ಈಚೆ ನಿಲ್ಲಿಸಿದರೆ ನಿನ್ನ ಹುಬ್ಬಿನ ಕೂದಲು ಸಹ ಎಣಿಸಬಹುದು. ಬಿಸಿಲಿಗೆ ಪರದೆ ಕಾಣುವುದಿಲ್ಲ ಅಂತ ಅವ್ವ ಸೆರಗು ಮುಸುಕು ಹಾಕಿಕೊಂಡು ಅದರೊಳಗೆ ಕ್ಯಾಮೆರಾ ಇಟ್ಟುಕೊಂಡು ನೋಡಿದಳು. ಮೊದಲ ದಿನ ಮುಸುಕಿನೊಳಗೇ ಕ್ಯಾಮೆರಾ ಅತ್ತಿತ್ತ ತಿರುಗಿಸಿದಳು. ಆಮೇಲೆ, "ಏ ಸಾಯಿ, ಕಿವ್ಯಾಗಿನ ಓಲಿ ನಾ ಕೊಟ್ಟಿದ್ವೇ ಅದಾವ" ಅಂದಳು. ಪರದೆಯ ಮೇಲೆ ಬೆರಳಾಡಿಸಿ ನಿನ್ನ ಹಣೆಗೆ ಬಿದ್ದ ಕೂದಲು ಸರಿಸಲು ನೋಡಿದಳು. ಕಲೆ ಬೀಳ್ತದ ಅಂತ ಬೈದೆ. ಬೈಯಬಾರದಿತ್ತು.

ದೋಷವೂ ಇದೆ, ಮುಚ್ಚಿಡುವುದಿಲ್ಲ. ನಮ್ಮೂರ ಕಲ್ಲುಪುಡಿ ಲೆನ್ಸಿನೊಳಗೆ ಹೊಕ್ಕಿದೆ. ಕೊಳವೆ ಹೊರಬರುವಾಗ ಕರ್ರಕರ್ರ ಅನ್ನುತ್ತದೆ. ಎಲ್ಲ ಫೋಟೋದಲ್ಲೂ ಒಂದು ಕಪ್ಪು ಚುಕ್ಕೆ. ನಿನ್ನ ಬಲ ಮುಂಗೈ ಮೇಲೆ ಕಪ್ಪಗೆ ಕಂಡಾಗ ನಾನೂ ಅದೇ ಧೂಳು ಅಂದುಕೊಂಡೆ. ಆದರೆ ಅಕ್ಕ, ಧೂಳಿನ ಚುಕ್ಕೆ ಯಾವಾಗಲೂ ಫೋಟೋದ ಮೇಲಿನ ಮೂಲೆಯಲ್ಲೇ ಇರುತ್ತದೆ. ನಿನ್ನ ಕೈಮೇಲಿನದು ನೀನು ತಿರುಗಿದರೆ ನಿನ್ನ ಜೊತೆ ತಿರುಗುತ್ತದೆ. ಅದು ಮಾಸಿದ ಬಟ್ಟೆ, ಸುತ್ತಿ ಕಟ್ಟಿದ್ದು. ನೀನು ಎಡಗೈಯಿಂದ ಸೀರೆ ಒಣಹಾಕಿದೆ, ಒಂದು ತುದಿ ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದೆ. ಬಲಗೈ ಮೇಲೆ ಏಳಲೇ ಇಲ್ಲ.

ಕೈಗೇನಾಗ್ಯದ ಅಂತ ಅವ್ವ ಕೇಳಿದಳು. ಝೂಮಿನಾಗ ಹಂಗೇ ಕಾಣ್ತದ ಅಂತ ಸುಳ್ಳು ಹೇಳಿದೆ. ಅವಳು ನಂಬಲಿಲ್ಲ. ಬಳೆ ತೊಡಿಸುವ ನೆಪದಲ್ಲಿ ಅಮೀರ್ಬೀಯನ್ನು ಕಳಿಸಿದವಳು ಅವ್ವನೇ, ಕ್ಯಾಮೆರಾದ ಸುದ್ದಿ ನಿನ್ನೆದುರು ಬಾಯಿಬಿಟ್ಟವಳು ಆ ಮುದುಕಿ. ನೀನು ಎಡಗೈ ಒಂದೇ ಮುಂದೆ ಮಾಡಿದೆಯಂತೆ. "ಅದೊಂದ ಕೈಗಿ ತೊಡಸಿ ಎದ್ದು ಬರ್ಲಿಕ್ಕ ನನಗ ಮನಸ ಒಪ್ಪಲಿಲ್ಲ, ಬೇಟಾ. ಇನ್ನೊಂದು ಕೇಳಿದ್ರ ಸೆರಗಿನಾಗ ಮುಚ್ಕೊಂಡಳು" ಅಂದು ಅಮೀರ್ಬೀ ಉಳಿದ ಬಳೆಗಳನ್ನು ಅವ್ವನ ಮಡಿಲಿಗೆ ಹಾಕಿದಳು. ಆ ಬಳೆಗಳನ್ನೂ ಕೆಟ್ಟ ಕ್ಯಾಮೆರಾ ಅನ್ನುತ್ತೀಯೇನು?

ಮಾವನ ಕಲ್ಲು ಪಾಲಿಶ್ ಮಷೀನಿನಲ್ಲಿ ಕೈ ಸಿಕ್ಕಿತೋ, ಯಾರಾದರೂ ತಿರುಚಿದರೋ ನನಗೆ ಗೊತ್ತಿಲ್ಲ. ಯಾವ ಝೂಮೂ ಅದನ್ನು ಹೇಳುವುದಿಲ್ಲ. ನಿನ್ನನ್ನು ಇಷ್ಟು ಹತ್ತಿರ ತಂದು ತೋರಿಸುತ್ತದೆ, ಒಂದು ಲೋಟ ನೀರು ಕೊಡಲು ಆಗುವುದಿಲ್ಲ. ಇಂಥ ಹಲ್ಕಟ್ ಯಂತ್ರ ನಾನು ಬೇರೆ ನೋಡಿಲ್ಲ. ನೀನಾದರೂ ಬಾಯಿ ಬಿಡು. ಮಷೀನ್ ಆಗಿದ್ದರೆ ಮಷೀನ್ ಅಂತ ಹೇಳು, ಕಲಬುರಗಿ ದವಾಖಾನೆಗೆ ನಾನೇ ಕರೆದೊಯ್ಯುತ್ತೇನೆ. ಬೇರೆ ಏನಾದರೂ ಆಗಿದ್ದರೆ ಅದನ್ನಾದರೂ ಅನ್ನು. ಏನೂ ಆಗಿಲ್ಲ ಅಂತ ಮಾತ್ರ ಇನ್ನೊಮ್ಮೆ ಹೇಳಿ ಕಳಿಸಬೇಡ. ಕೈ ಮುಗಿಯುತ್ತೇನೆ.

ನಿನ್ನ ಮೇಲೆ ಭಾಳ ಸಿಟ್ಟಿರುವ ತಮ್ಮ,
ಸಾಯಿಕುಮಾರ

ತಾ.ಕ.: ಅಪ್ಪನ ಸುದ್ದಿ ಬರೆಯುವುದು ಬೇಡ ಅಂದುಕೊಂಡಿದ್ದೆ. ಈಗ ಕಾಗದ ಮಡಚುವಾಗ ಮಾಳಿಗೆಯಿಂದ ಇಳಿದು ಬಂದ. ಕ್ಯಾಮೆರಾ ಅವನ ಕೈಯಲ್ಲಿತ್ತು. ನಾವು ಕೆಳಗಿಳಿದ ಮೇಲೆ ಅವನೂ ನೋಡುತ್ತಿದ್ದನಂತೆ. ಬಟನ್ ಎಲ್ಲ ತಾನೇ ಕಲಿತಿದ್ದಾನೆ. "ಬಲಗೈ ಅಲ್ಲೇನಲೇ?" ಅಂದ. ಹೌದು, ಆಣೆ ವಾಪಸ್ ತಗೋ, ಈಗಲೇ ಹೋಗಿ ಕರಕೊಂಡು ಬರ್ತೀನಿ ಅಂತ ಒದರಿದೆ. ಅಪ್ಪ ಕುಳಿತು ಟವೆಲಿನಿಂದ ಲೆನ್ಸ್ ಒರೆಸತೊಡಗಿದ. ಇನ್ನೂ ಒರೆಸುತ್ತಿದ್ದಾನೆ. ಅವ್ವ ಗೋಡೆ ಹಿಡಿದು ನಿಂತಿದ್ದಾಳೆ. ಈ ಮನೆಯಲ್ಲಿ ನನಗೆ ಕೂರಲಾಗುವುದಿಲ್ಲ. ಅಮೀರ್ಬೀ ಕಾಗದ ಹಿಡಿದು ಒಳಗೆ ಬರುತ್ತಾಳೆ, ನಾನು ನಿಮ್ಮ ಹೊಸ್ತಿಲ ಹೊರಗೆ ನಿಂತಿರುತ್ತೇನೆ. ಬರುವುದು ಬಿಡುವುದು ನಿನ್ನದು. ಇದನ್ನು ಓದುವ ಮೊದಲು ಖಣಿಯ ಈಚೆ ನಮ್ಮ ಮನೆ ಬಾಗಿಲು ದಢಾರನೆ ಮುಚ್ಚಿದ ಸದ್ದು ಕೇಳಿದ್ದರೆ, ಹೊರಟವನು ನಾನೇ.