ನಿಮ್ಮಪ್ಪನ ಕಾಲುಗುರು ಮತ್ತು ಕ್ರೂಸ್ ಗುಂಡಿ

ವೆಸ್ನಾ, ಸಸ್ಕಾಚೆವಾನ್
ನವೆಂಬರ್ ೬, ಬುಧವಾರ

ಪ್ರೀತಿಯ ಒಕ್ಸಾನಾ,

ಹೇಗಿದ್ದೀಯ ಮಗಳೇ? ಕೈಗೆ ಬಿಸಿ ಎಣ್ಣೆ ಹಾರಿದ್ದು ವಾಸಿಯಾಯಿತೆ? ಗಣಿಯ ಅಷ್ಟೊಂದು ಗಂಡಸರಿಗೆ ಬೇಯಿಸಿ ಹಾಕುವವಳು ತಾನು ಮಾತ್ರ ಒಲೆಯ ಪಕ್ಕ ನಿಂತುಕೊಂಡೇ ತಿನ್ನುತ್ತಾಳೆಂದು ನನಗೆ ಗೊತ್ತು. ಕುಳಿತು ತಿನ್ನು. ನಿಮ್ಮ ಉತ್ತರದಲ್ಲಿ ಹಿಮ ಬಿದ್ದಿರಬೇಕು. ಇಲ್ಲಿ ಹಿಮವೂ ಅಲ್ಲದ, ಮಳೆಯೂ ಅಲ್ಲದ ದರಿದ್ರ ತುಂತುರು. ನನ್ನ ಮಂಡಿ ನೋವು ಹಾಗೇ ಇದೆ. ನಿನ್ನ ಮಗಳು ಲಾರಿಸಾ ಕ್ಷೇಮ, ಮೈಮೇಲೆ ಒಂದು ಗೀರೂ ಇಲ್ಲ. ಮುಂದಿನದನ್ನು ಓದುತ್ತ ನೀನು ಎದೆ ಹಿಡಿದುಕೊಳ್ಳಬಾರದೆಂದು ಇದನ್ನು ಮೊದಲೇ ಬರೆದೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಪಕ್ಕದಲ್ಲೇ ಕಿವಿ ಅಗಲಿಸಿಕೊಂಡು ಕೂತಿರುತ್ತಾರೆ.

ಈ ಕಥೆಯನ್ನು ಮೊದಲು ಹೇಳಿದವರೂ ನಿಮ್ಮಪ್ಪನೇ, ಈ ಸೋಮವಾರ ಬೆಳಿಗ್ಗೆ, ಸೊಸೈಟಿ ಅಂಗಡಿಯ ಕಾಫಿ ಮೇಜಿನಲ್ಲಿ. ನಾನು ಆಚೆ ಹಿಟ್ಟಿನ ಚೀಲಗಳ ಹತ್ತಿರ ನಿಂತು ಕೇಳಿಸಿಕೊಂಡೆ. ಭಾನುವಾರ ಮೊಮ್ಮಗಳನ್ನು ಹೊಸ ಕಾರಿನಲ್ಲಿ ಹೆದ್ದಾರಿಗೆ ಕರೆದೊಯ್ದು ಕ್ರೂಸ್ ಹಾಕುವುದನ್ನು ಕಲಿಸುತ್ತಿದ್ದರಂತೆ. ವೇಗ ಹಿಡಿದು ಗುಂಡಿ ಒತ್ತಿದರೆ ಕಾಲು ತೆಗೆದರೂ ಕಾರು ಅದೇ ವೇಗದಲ್ಲಿ ಹೋಗುತ್ತದಲ್ಲ, ಅದು. "ಹುಡುಗಿ ಹೆದರ್ಕೊಂಡು ಬ್ರೇಕ್ ಮೇಲೆ ನಿಂತೇಬಿಟ್ಳು ಕಣ್ರೋ! ಕಾರು ಜಾರ್ಕೊಂಡು ಹೋಗಿ ನೆಸ್ಟರನ ಗೋಧಿ ಕೂಳೆಯೊಳಗೆ ಕೋಳಿ ಕಾವು ಕೂತ ಹಾಗೆ ಕೂತ್ಕೊಳ್ತು!" ಮೇಜು ಕುಟ್ಟಿ ಕುಟ್ಟಿ ನಕ್ಕರು ಎಲ್ಲರೂ. ಮಾತಿಗೊಮ್ಮೆ ನಿಮ್ಮಪ್ಪ ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ಕಾಗದದ ಲೋಟಕ್ಕೆ ಉಗುಳುತ್ತಿದ್ದರು.

ಅಂದೇ ಸಂಜೆ ಲಾರಿಸಾ ಸೊಸೈಟಿಗೆ ಹಾಲು ತರಲು ಹೋದಾಗ ನೆಸ್ಟರ್ ಮಾತಿಗೆ ಹಿಡಿದುಕೊಂಡನಂತೆ: "ಏನಮ್ಮಾ, ನನ್ನ ಹೊಲ ಉಳೋಕೆ ಟ್ರಾಕ್ಟರ್ ಸಾಲ್ದು ಅಂತ ಕಾರು ತಂದ್ಯಂತೆ?" ಅದೇ ಕಾಫಿ ಮೇಜಿನ ಆರ್ನಿ ಬಿಡುತ್ತಾನೆಯೆ? "ಶುಕ್ರವಾರ ಲೈಸೆನ್ಸ್ ಪರೀಕ್ಷೆಯಂತೆ. ಯಾವ ರಸ್ತೇಲಿ ಅಂತ ಮೊದ್ಲೇ ಹೇಳ್ಬಿಡು ತಾಯಿ, ಅವತ್ತು ನಾನು ಮನೆ ಬಿಟ್ಟು ಹೊರಗೆ ಬರಲ್ಲ." ಹುಡುಗಿ ಮನೆಗೆ ಬಂದವಳು ಹಾಲನ್ನು ಮೇಜಿನ ಮೇಲಿಟ್ಟು, ಕಾರಿನ ಕೀಲಿಯನ್ನು ಮೊಳೆಗೆ ಹಾಕಿ, ಈ ಅಜ್ಜಿಯ ಕಡೆ ತಿರುಗಿ, "ಬಾಬಾ, ನಾನು ಪರೀಕ್ಷೆಗೆ ಹೋಗಲ್ಲ. ಇನ್ಮೇಲೆ ಓಡಿಸೋದೂ ಇಲ್ಲ" ಎಂದಳು. ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ಮಾಡಿದ್ದೆ, ಅವಳಿಗೆ ಅದೆಂದರೆ ಪ್ರಾಣ. ಮುಟ್ಟಲಿಲ್ಲ. ಲೈಸೆನ್ಸ್ ಬಂದ ಮೇಲೆ, ನೀನು ರಜೆಗೆ ಬಂದಾಗ ನಿನ್ನನ್ನು ವಿಮಾನ ನಿಲ್ದಾಣದಿಂದ ತಾನೇ ಕರೆತರುತ್ತೇನೆಂದು ಬೇಸಿಗೆಯಿಂದ ಹೇಳುತ್ತಿದ್ದ ಹುಡುಗಿ.

ನಿನ್ನೆ ಆ ಕಾರಿನ ಕೆಸರು ತೊಳೆಯಲು ಕೂತೆ. ಸೀಟಿನ ಕೆಳಗೆ ಉಗುಳಿನ ಲೋಟ, ಅರ್ಧ ತುಂಬಿದ್ದು. ಅದು ಹಳೆಯ ಹೇಸಿಗೆ, ಮದುವೆಯಾದಾಗಿನಿಂದ ಬಳಿಯುತ್ತಿದ್ದೇನೆ. ಆದರೆ ವೇಗ ತೋರಿಸುವ ಗಾಜಿನ ಅಂಚಿನಲ್ಲಿ, ಸ್ಟೇರಿಂಗಿನ ಸಂದಿಯಲ್ಲಿ, ಹಳದಿ ಹಳದಿ ಏನೋ ಸಿಕ್ಕಿಕೊಂಡಿತ್ತು. ಬೀಜದ ಸಿಪ್ಪೆಯೆಂದು ಬೆರಳಲ್ಲಿ ಹಿಡಿದೆ. ಥೂ! ಕಾಲುಗುರು. ಎಮ್ಮೆಯ ಕೊಂಬಿನಂಥ ಹೆಬ್ಬೆರಳುಗುರು, ಆ ಕಾಲನ್ನು ಈ ಊರಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಕೆಳಗೆ ನೋಡಿದರೆ ಬ್ರೇಕಿನ ಪಕ್ಕದಲ್ಲಿ ಅವರ ಉಣ್ಣೆಯ ಕಾಲುಚೀಲ, ಒಂದೇ ಒಂದು. ಪಕ್ಕದ ಸೀಟಿನ ಕಡೆ ಒಂದು ಚೂರೂ ಇಲ್ಲ. ಹಾಗಾದರೆ ಓಡಿಸುತ್ತಿದ್ದವರು ಯಾರು?

ಕಾಲುಚೀಲವನ್ನು ಕಡ್ಡಿಯಲ್ಲಿ ಎತ್ತಿ ತಂದು ಲಾರಿಸಾಳ ಮುಂದೆ ಹಿಡಿದೆ. ಆಮೇಲೆ ಬಾಯಿ ಬಿಟ್ಟಳು. "ನೋಡಿ ಕಲಿ" ಎಂದು ನಿಮ್ಮಪ್ಪನೇ ಓಡಿಸುತ್ತಿದ್ದದ್ದು. "ಗೀಡೊ, ರಸ್ತೆ ಒದ್ದೆಯಾಗಿದೆ, ಕ್ರೂಸ್ ತೆಗೀರಿ. ಒದ್ದೇಲಿ ಹಾಕಲೇಬಾರ್ದು ಅಂತ ಕ್ಲಾಸಲ್ಲಿ ಹೇಳಿದ್ದಾರೆ" ಅಂದಳಂತೆ ತಾತನಿಗೆ. "ಟ್ರಾಕ್ಟರಲ್ಲಿ ನಾನು ಸ್ಟೇರಿಂಗ್ ಮುಟ್ಟದೇ ಊಟ ಮುಗಿಸ್ತೀನಿ ಮಗಾ. ಇದು ಅದರ ತಮ್ಮ!" ಟ್ರಾಕ್ಟರಿಗೆ ಆಕಾಶದ ಉಪಗ್ರಹ ದಾರಿ ಹೇಳುತ್ತದೆ, ಅದು ತಾನೇ ಸಾಲು ಹಿಡಿಯುತ್ತದೆ. ಕಾರಿಗೆ ಯಾರು ಹೇಳಬೇಕು, ಇವರ ಮಂಡಿಯೆ? ಎಡ ಮಂಡಿಯನ್ನು ಸ್ಟೇರಿಂಗಿಗೆ ಒತ್ತಿ, ಬಲಗಾಲನ್ನು ತೊಡೆಯ ಮೇಲೆ ಎಳೆದುಕೊಂಡು, ಉಗುರು ಕತ್ತರಿ ತೆಗೆದರಂತೆ. ತೊರೆಯ ಸೇತುವೆಯ ಮೇಲೆ ನೀರು ಹೆಪ್ಪುಗಟ್ಟಿ ಗಾಜಾಗಿತ್ತು. ಚಕ್ರ ಜಾರಿತು, ಜಾರಿದರೂ ಕ್ರೂಸ್ ಮುಂದಕ್ಕೆ ದೂಡುವುದನ್ನು ಬಿಡಲಿಲ್ಲ. ಬ್ರೇಕ್ ಒತ್ತಬೇಕಾದ ಕಾಲು ತೊಡೆಯ ಮೇಲಿತ್ತು. ಲಾರಿಸಾ ಪಕ್ಕದಿಂದ ಬಾಗಿ ಕ್ರೂಸ್ ರದ್ದು ಮಾಡುವ ಗುಂಡಿ ಒತ್ತಿ, ಸ್ಟೇರಿಂಗನ್ನು ನೆಟ್ಟಗೆ ಹಿಡಿದುಕೊಂಡಳು. ಅದಕ್ಕೇ ಕಾರು ತೊರೆಗೆ ಬೀಳದೆ ಕೂಳೆಗೆ ಇಳಿಯಿತು. "ಮತ್ತೆ ಯಾಕೆ ಸುಮ್ನಿದ್ದೆ?" ಅಂದೆ. "ಗೀಡೊ ನನ್ನ ಕೈ ಹಿಡ್ಕೊಂಡು ಬೇಡ್ಕೊಂಡ್ರು ಬಾಬಾ. ಯಾರಿಗೂ ಹೇಳ್ಬೇಡ ಅಂದ್ರು."

ಇಲ್ಲಿಂದ ಮುಂದೆ ನಿಮ್ಮಪ್ಪನಿಗೆ ಬಹುವಚನ ಕೊಡಲು ನನ್ನ ಕೈ ಒಪ್ಪುತ್ತಿಲ್ಲ. ಉಗುರು ಮುಟ್ಟಿದ ಬೆರಳನ್ನು ಸೋಪು ಹಾಕಿ ತೊಳೆದೆ. ಜೀವ ಉಳಿಸಿದ ಮಗುವಿನ ಮೇಲೆ ತಪ್ಪು ಹೊರಿಸಿ ಕಾಫಿ ಕುಡಿದನಲ್ಲ, ಆ ಗಲೀಜನ್ನು ಯಾವ ಸೋಪಿನಲ್ಲಿ ತೊಳೆಯಲಿ? ಇವತ್ತು ಬೆಳಿಗ್ಗೆ ಉಗುರುಗಳನ್ನೆಲ್ಲ ಒಂದು ಬಸಿಯಲ್ಲಿ ಹಾಕಿಕೊಂಡು, ಕಾಲುಚೀಲ ಮುಚ್ಚಿ, ಸೊಸೈಟಿಗೆ ಹೋದೆ. ಕಾಫಿ ಮೇಜಿನ ನಡುವೆ, ಸಕ್ಕರೆಯ ಪಕ್ಕದಲ್ಲಿಟ್ಟು ಕಾಲುಚೀಲ ಎತ್ತಿದೆ. "ಡ್ರೈವರ್ ಸೀಟಲ್ಲಿ ಸಿಕ್ಕಿದ್ದು. ಇದು ಯಾವ ಹುಡುಗಿಯ ಉಗುರು, ನೀವೇ ನೋಡಿ ಹೇಳಿ." ನೆಸ್ಟರ್ ತಿನ್ನುತ್ತಿದ್ದ ಡೋನಟ್ ಕೆಳಗಿಟ್ಟ. ನಡೆದದ್ದನ್ನೆಲ್ಲ ಹೇಳಿದೆ. "ಹೌದೇನೋ ವಸಿಲ್?" ಎಂದ ಆರ್ನಿ. ನಿನ್ನಪ್ಪ ಹೌದೆಂದು ತಲೆಯಾಡಿಸಿ ಕಾಲುಚೀಲವನ್ನು ಜೇಬಿಗೆ ತುರುಕಿಕೊಂಡ.

ಲಾರಿಸಾ ಇನ್ನೂ ಕೀಲಿ ಮುಟ್ಟಿಲ್ಲ. ನನಗೆ ಅದೊಂದೇ ಚಿಂತೆ. ನಿನ್ನ ಕೈ ಬೇಗ ಮಾಯಲಿ, ಅಲ್ಲಿನ ಚಳಿ ನಿನ್ನ ಎದೆಗೆ ಇಳಿಯದಿರಲಿ, ದೇವಮಾತೆ ನಿನ್ನ ತಲೆಯ ಮೇಲೆ ಕೈಯಿಟ್ಟಿರಲಿ.

ನಿನ್ನ ಅಮ್ಮ,
ಸ್ಟೆಫಾನಿಯಾ

ತಾ.ಕ.: ಗುರುವಾರ ಬೆಳಿಗ್ಗೆ. ಅಂಚೆಯವನು ಬರುವ ಹೊತ್ತು, ಬೇಗ ಬರೆಯುತ್ತೇನೆ. ಬಿಸಿಲು ಬಂದಿದೆ, ರಸ್ತೆ ಒಣಗಿದೆ. ಈಗಷ್ಟೇ ನೆಸ್ಟರ್ ಮತ್ತು ಆರ್ನಿ ಟೋಪಿ ಕೈಯಲ್ಲಿ ಹಿಡಿದು ನಮ್ಮ ಅಂಗಳಕ್ಕೆ ಬಂದಿದ್ದರು. ನೆಸ್ಟರ್ ಲಾರಿಸಾಳಿಗೆ ಹೇಳಿದ: "ತಪ್ಪಾಯ್ತಮ್ಮ. ನನ್ನ ಗಾಡೀಲೂ ಆ ಗುಂಡಿ ಇದೆ. ಹಾಕೋದು ಗೊತ್ತು, ಸ್ಟೇರಿಂಗಿಂದ ಕೈ ಎತ್ತದೆ ತೆಗೆಯೋದು ಹೇಗೆ ಅಂತ ಗೊತ್ತಿಲ್ಲ. ಒಂದ್ಸಲ ತೋರ್ಸು." ಅವಳು ಮೊಳೆಯಿಂದ ಕೀಲಿ ತೆಗೆದಳು. ಕಿಟಕಿಯಿಂದ ನೋಡಿದೆ: ಸ್ಟೇರಿಂಗಿನಲ್ಲಿ ನಿನ್ನ ಮಗಳು, ಪಕ್ಕದಲ್ಲಿ ನೆಸ್ಟರ್, ಹಿಂದೆ ಆರ್ನಿ, ಅವನ ಪಕ್ಕ ಎರಡೂ ಬೂಟಿನ ದಾರ ಬಿಗಿದುಕೊಂಡು ನಿನ್ನಪ್ಪ. ನಾಳೆ ಪರೀಕ್ಷೆಗೆ ಹೋಗುತ್ತಾಳೆ, ಈ ಕಾಗದ ತಲುಪಿದ ಕೂಡಲೇ ಮರೆಯದೆ ಅವಳಿಗೆ ಫೋನ್ ಮಾಡು. ಬಹುವಚನದ ವಿಚಾರ ಅವಳು ಪಾಸಾದ ಮೇಲೆ ನೋಡೋಣ.