ಮಂಗಳದ ಉಳಿಹೊತ್ತು

ಕೆಮ್ಮಣ್ಣೂರು, ಮಂಗಳ ಗ್ರಹ
ವಲಸೆಯ ೨೧೨ನೇ ವರ್ಷ, ಸಂಜೆ ಆರು ಹೊಡೆದ ಮೇಲೆ, ಆರು ಕಳೆಯುವ ಮುಂಚೆ

ವಲಸೆಗೂ ಮುಂಚೆ ಬಾಳಿದ ಭೂಮಿಯ ಹಿರಿಯರಿಗೆ ನೀಲಗಂಗವ್ವನ ನಮಸ್ಕಾರಗಳು.

ಮೇಲಿನ ವೇಳೆ ನೋಡಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ಅಲ್ಲಲ್ಲಿ ನಿಮಗೆ ಗೊತ್ತಿಲ್ಲದ ಮಾತು ಬಂದರೆ ಕ್ಷಮಿಸಿ. ಅವು ನಿಮ್ಮ ಮರಿಮಕ್ಕಳ ಮರಿಮಕ್ಕಳು ಕಟ್ಟಿಕೊಂಡ ಮಾತುಗಳು. ಅಂದಹಾಗೆ, ಮಂಗಳ ಸೂರ್ಯನನ್ನು ಒಂದು ಸಲ ಸುತ್ತಿ ಬರುವುದರೊಳಗೆ ನಿಮಗೆ ಹೆಚ್ಚುಕಡಿಮೆ ಎರಡು ವರ್ಷ ಕಳೆದಿರುತ್ತದೆ. ನಿಮ್ಮ ಲೆಕ್ಕದಲ್ಲಿ ಎಪ್ಪತ್ತೆರಡರ ನಾನು ಇಲ್ಲಿ ಮೂವತ್ತೆಂಟರ ಹೆಂಗಸು.

ಈಗ ನಮ್ಮೂರಿನ ಗಡಿಯಾರ ನಿಂತಿದೆ. ದಿನವೂ ಸಂಜೆ ಆರಕ್ಕೆ ನಿಲ್ಲುತ್ತದೆ. ಭೂಮಿ ತನ್ನ ಸುತ್ತ ತಾನು ಒಮ್ಮೆ ತಿರುಗಿದರೆ ನಿಮಗೆ ಒಂದು ದಿನ. ಮಂಗಳ ತುಸು ಸೋಮಾರಿ, ಅದೇ ಸುತ್ತಿಗೆ ನಲವತ್ತು ನಿಮಿಷದಷ್ಟು ಹೆಚ್ಚು ತೆಗೆದುಕೊಳ್ಳುತ್ತದೆ. ನಿಮ್ಮಿಂದ ಬಂದ ಇಪ್ಪತ್ತನಾಲ್ಕು ಗಂಟೆಯ ಗಡಿಯಾರದಲ್ಲಿ ಆ ನಿಮಿಷಗಳಿಗೆ ಜಾಗವಿಲ್ಲ. ಹಾಗಾಗಿ ಅಷ್ಟು ಹೊತ್ತು ಮುಳ್ಳನ್ನು ನಿಲ್ಲಿಸುತ್ತಾರೆ. ಇದೇ ಉಳಿಹೊತ್ತು. ಇದರಲ್ಲಿ ಯಾರೂ ಯಾರಿಗೂ ಕೆಲಸ ಹೇಳುವಂತಿಲ್ಲ. ನಾವು ವಾಸಿಸುವ ಸುರಂಗದ ಕಟ್ಟೆಯ ಮೇಲೆ ಕೆಲವರು ಶೇಂಗಾ ಹುರಿಯುತ್ತಾರೆ, ಕೆಲವರು ತಲೆ ಬಾಚಿಸಿಕೊಳ್ಳುತ್ತಾರೆ, ಮುನಿಸಿಕೊಂಡ ಗಂಡಹೆಂಡಿರು ರಾಜಿಯಾಗುತ್ತಾರೆ. ದೊಡ್ಡ ಕಿಟಕಿಯಾಚೆ ಸೂರ್ಯ ಮುಳುಗುತ್ತಾನೆ, ಅವನ ಸುತ್ತಲ ಆಕಾಶ ನೀಲಿಯಾಗುತ್ತದೆ. ಕೆಲವು ತಿಂಗಳುಗಳಲ್ಲಿ ಅವನು ಮುಳುಗಿದ ಮೇಲೆ ಹೊಳೆಯುವ ಸಂಜೆಯ ಚುಕ್ಕಿ ನೀವೇ.

ನಾನು ಈ ಹೊತ್ತಿನಲ್ಲಿ ಬಂದವರಿಗೆಲ್ಲ ಆಕಾಶದ ಪಾಠ ಹೇಳುತ್ತೇನೆ. ಕುಂಬಳಕಾಯಿಯನ್ನು ಸೂರ್ಯನೆಂದು ಇಟ್ಟರೆ ಗುರುಗ್ರಹ ಒಂದು ಸಣ್ಣ ನಿಂಬೆಹಣ್ಣು, ನೀವು ಸಾಸಿವೆ, ನಾವು ರಾಗಿಕಾಳು. ಆ ರಾಗಿಕಾಳನ್ನು ಕುಂಬಳಕಾಯಿಯ ಪಕ್ಕದಲ್ಲಲ್ಲ, ಸುರಂಗದ ಆ ತುದಿಯಲ್ಲಿ ಇಡಬೇಕು. ಅದನ್ನು ಹುಡುಕಿ ಬರುವವರ ಪಾಡು ನೋಡಿ ಎಲ್ಲರೂ ನಗುತ್ತಾರೆ. ನನ್ನ ಇಡೀ ದಿನದಲ್ಲಿ ನನಗೆ ಇಷ್ಟವಾದ ಹೊತ್ತು ಇದೊಂದೇ.

ಹೋದ ವಾರ ನೀರಿನ ಘಟಕದ ಮುಖ್ಯಸ್ಥ ಬಸಲಿಂಗಪ್ಪ ಪಾಠದ ನಡುವೆ ನುಗ್ಗಿದ. ಸುರಂಗದಲ್ಲೇ ಹುಟ್ಟಿ ಬೆಳೆದ ಅವನು ಸೂರ್ಯ ಮುಳುಗುವುದನ್ನು ನಿಂತು ನೋಡಿದವನಲ್ಲ. "ಅಕ್ಕಾರ, ಗಡಿಯಾರ ಕೆಟ್ಟು ದಿನಾ ನಿಲ್ಲಾಕತ್ತೈತಿ. ರಿಪೇರಿ ಮಾಡಿಸೂದು ಬಿಟ್ಟು ಶೇಂಗಾ ತಿನ್ಕೋತ ಕುಂತೀರಲ್ರೀ!" ಎಂದ. ತಾನು ಹುಟ್ಟುವ ಮೊದಲೇ ಕೆಟ್ಟ ಗಡಿಯಾರವನ್ನು ಹಿರಿಯರು ಉದಾಸೀನದಿಂದ ಹಾಗೇ ಬಿಟ್ಟಿದ್ದಾರೆ ಎಂದು ಅವನು ನಿಜಕ್ಕೂ ನಂಬಿದ್ದ. ಅವನನ್ನು ಭೂಮಿ ಮಾಡಿ, ನಾನು ಮಂಗಳವಾಗಿ, ಇಬ್ಬರೂ ಒಟ್ಟಿಗೆ ನಿಂತಲ್ಲೇ ತಿರುಗತೊಡಗಿದೆವು. ಅವನ ಸುತ್ತು ಮುಗಿಯಿತು, ನನ್ನದು ಇನ್ನೂ ಒಂಚೂರು ಬಾಕಿ. "ಗಡಿಯಾರ ನಿಲ್ಲಿಸದಿದ್ರ ಮೂರು ವಾರದೊಳಗ ನೀನು ಮಧ್ಯಾಹ್ನದ ಊಟಕ್ಕ ಕತ್ತಲಾಗ ಏಳಬೇಕಪ್ಪಾ," ಎಂದೆ.

ಅವನು ಸ್ವಲ್ಪ ಯೋಚಿಸಿದ. "ಹಂಗಾದ್ರ ಒಂದೊಂದು ನಿಮಿಷಾನೂ ಒಂಚೂರು ಜಗ್ಗಿ ಉದ್ದ ಮಾಡಿದ್ರ ಆತಲ್ರೀ? ನಿಲ್ಲಿಸೂದ ಬ್ಯಾಡ!"

ಲೆಕ್ಕ ಸರಿಯಾಗಿಯೇ ಇದೆ. ಹಾಗೆ ಮಾಡಿದರೆ ಗಡಿಯಾರ ಎಂದೂ ತಪ್ಪುವುದಿಲ್ಲ, ಉಳಿಹೊತ್ತೂ ಉಳಿಯುವುದಿಲ್ಲ. ಇವತ್ತು ಗಡಿಯಾರ ಮತ್ತೆ ಹೊರಟ ಕೂಡಲೇ ನಿಮಿಷ ಜಗ್ಗಬೇಕೋ ಬೇಡವೋ ಎಂದು ಊರವರು ಕೈ ಎತ್ತಿ ತೀರ್ಮಾನಿಸಬೇಕು. ಘಟಕದವರು ಅವನ ಕಡೆ. ಅದಕ್ಕೇ ಪಾಠ ಬಿಟ್ಟು ನಿಮಗೆ ಬರೆಯಲು ಕುಳಿತೆ.

ನಿಮ್ಮಲ್ಲೊಬ್ಬರು ಮುಂದೆ ಮಂಗಳಕ್ಕೆಂದು ಮೊದಲ ಗಡಿಯಾರ ಮಾಡುತ್ತೀರಿ. ನಿಮಿಷ ಜಗ್ಗುವ ಜಾಣತನ ನಿಮಗೂ ಹೊಳೆದೀತು. ದಯವಿಟ್ಟು ಜಗ್ಗಬೇಡಿ, ನಿಲ್ಲಿಸಿಬಿಡಿ. ಆಗ ಇವತ್ತು ನಾವು ಸೋತರೂ ಇಷ್ಟು ವರ್ಷಗಳ ಸಂಜೆಗಳು ನಮಗೆ ಸಿಕ್ಕಿರುತ್ತವೆ.

ಇದೇನು, ಕಟ್ಟೆಯ ಕಡೆ ಗಲಾಟೆ! ಬಸಲಿಂಗಪ್ಪ ತನ್ನ ಘಟಕದವರನ್ನೆಲ್ಲ ಕರೆತಂದು ಕುಂಬಳಕಾಯಿಯ ಸುತ್ತ ನಿಲ್ಲಿಸಿದ್ದಾನೆ. ಶುಕ್ರನಾದವನು ಉಲ್ಟಾ ತಿರುಗಬೇಕು, ಅದೂ ಎಲ್ಲರಿಗಿಂತ ನಿಧಾನವಾಗಿ ಎಂದು ಅವನನ್ನು ಗದರಿಸುತ್ತಿದ್ದಾನೆ. ಎಲ್ಲಕ್ಕಿಂತ ದೊಡ್ಡದಾದ ಗುರುವೇ ಎಲ್ಲಕ್ಕಿಂತ ಬೇಗ ತಿರುಗುವುದು ಎಂದು ಯಾರೋ ಹೇಳಿರಬೇಕು. ಬಸಲಿಂಗಪ್ಪ ತಾನೇ ಗುರುವಾಗಿದ್ದಾನೆ.

ಅಗೋ, ಮುಳ್ಳು ಅಲುಗಿತು. ಕೈ ಎತ್ತಲು ಹೋಗಬೇಕು, ಬರುತ್ತೇನೆ. ಬಸಲಿಂಗಪ್ಪ ಇನ್ನೂ ತಿರುಗುತ್ತಲೇ ಇದ್ದಾನೆ. ಗಡಿಯಾರ ಹೊರಟಿದ್ದು ಅವನಿಗೆ ಕೇಳಿಸಿಲ್ಲ.