ಊಟದ ಮೇಜಿನಲ್ಲಿ ಎತ್ತಿದ ಕೈ

ಅಕ್ಟೋಬರ್ 6, ಭಾನುವಾರ

ಮೊಮ್ಮಗಳು ಡೆಲ್ಲಾ ಇವತ್ತು ಊಟದ ನಡುವೆ ಕೈ ಎತ್ತಿದಳು. ಕಕ್ಕಸಿಗೆ ಹೋಗಲು ಅಪ್ಪಣೆ ಬೇಕಂತೆ, ಸ್ವಂತ ಮನೆಯಲ್ಲಿ! ಮನೆಯಲ್ಲೇ ಅಮ್ಮನ ಹತ್ತಿರ ಕಲಿಯುತ್ತಿದ್ದವಳು ಸರ್ಕಾರಿ ಶಾಲೆಗೆ ಸೇರಿ ಇನ್ನೂ ಎರಡು ತಿಂಗಳಾಗಿಲ್ಲ.

"ನೋಡಿದ್ರಾ ಮಾವ, ಮಗೂನ ಕುರಿ ಮಾಡಿಬಿಟ್ರು. ನಾಳೆಯಿಂದ ಮತ್ತೆ ಮನೇಲೇ ನನ್ನ ಪಾಠ," ಎಂದಳು ಸೊಸೆ ಮೇರಿಬೆತ್.

"ನಿನ್ನ ಪಾಠದಲ್ಲಿ ಮಧ್ಯಾಹ್ನದವರೆಗೂ ಮಲಗೋ ಬಟ್ಟೇಲೇ ಇರ್ತಿದ್ಳು!" ಎಂದ ಮಗ ವೆಂಡೆಲ್.

ಶುರುವಾಯಿತು ಜಗಳ. ಹುಡುಗಿಯ ಕೈ ಇನ್ನೂ ಮೇಲೇ ಇತ್ತು.

"ಎದ್ದು ಹೋಗೇ ಮಾರಾಯ್ತಿ!" ಎಂದು ನಾನೇ ಗದರಿದೆ.

"ಅಪ್ಪ, ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಹೊಗೆಸೊಪ್ಪಿನ ಹೊಲಕ್ಕೆ ಓಡಿದೋನು ನೀನು, ಸುಮ್ನಿರು," ಎಂದ ವೆಂಡೆಲ್.

ಆಮೇಲೆ ತಟ್ಟೆ ಒರೆಸುವಾಗ ಡೆಲ್ಲಾಳನ್ನು ಕೇಳಿದೆ, ನಿನಗೆ ಯಾವುದು ಬೇಕು ಎಂದು.

"ಪಾಠ ಎರಡು ಕಡೇನೂ ಬೋರು, ತಾತ. ಆದ್ರೆ ಸ್ಕೂಲ್ ಬಸ್ಸಲ್ಲಿ ನನ್ನ ಫ್ರೆಂಡ್ ಜೂನಿ ದಿನಾ ನಂಗೆ ಜಾಗ ಹಿಡಿದಿಟ್ಟಿರ್ತಾಳೆ."

ಇಷ್ಟೇ. ಇದನ್ನು ಕೇಳುವಷ್ಟು ಪುರುಸೊತ್ತು ಆ ಇಬ್ಬರು ಮೇಧಾವಿಗಳಿಗೆ ಇಲ್ಲ. ಒಬ್ಬಳಿಗೆ ತನ್ನ ಪಾಠ ದೊಡ್ಡದು, ಇನ್ನೊಬ್ಬನಿಗೆ ತನ್ನ ಮಾತು. ಥೂ.

ನಾಳೆ ಬೆಳಿಗ್ಗೆ ಶಾಲೆಯ ಹಳದಿ ಬಸ್ಸು ಬಂದಾಗ ಗೇಟಿನ ಬಳಿ ಡೆಲ್ಲಾಳ ಜೊತೆ ನಾನು ನಿಂತಿರುತ್ತೇನೆ. ಮೇರಿಬೆತ್ ತಡೆಯಲು ಬರುವುದಾದರೆ ಮೊದಲು ಕೈ ಎತ್ತಿ ಅಪ್ಪಣೆ ಕೇಳಲಿ. ಕೊಡುವುದು ಬಿಡುವುದು ನನ್ನಿಷ್ಟ.